‘ಸಂಸ್ಕಾರ’ ಎಂಬ ಪತ್ತೇದಾರಿ ಕಾದಂಬರಿ: ಸಾಲೋಟಗಿ ಕಟ್ಟೆಯ ಭಾಷ್ಯ

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಅಪ್ಪಟ ಪತ್ತೇದಾರಿ ಕಾದಂಬರಿ ಎಂಬುದೇ ಈ ಪ್ರಬಂಧದ ಪ್ರಮೇಯ. ನವ್ಯ, ಅಸ್ತಿತ್ವವಾದ ಎಂದೆಲ್ಲ ಓದಿ ದಣಿದ ವಿದ್ವಾಂಸರು ಹೆಣವನ್ನೇ ಮರೆತರು. ಮರೆಯದವರು ಇಂಡಿ ತಾಲ್ಲೂಕಿನ ಸಾಲೋಟಗಿಯವರು. 2020ರ ಲಾಕ್‌ಡೌನಿನಲ್ಲಿ ಮಾಸ್ಕು ಗದ್ದಕ್ಕೆ ಇಳಿಸಿ, ಒಂದು ಕಣ್ಣು ಪೊಲೀಸ್ ಜೀಪಿನ ದಾರಿಗೆ ಇಟ್ಟು, ಕಟ್ಟೆಯ ಮೇಲೆ ಸರದಿಯಂತೆ ಗಟ್ಟಿಯಾಗಿ ಓದಿದರು. ಇವರ ಅಧಿಕಾರವೇನು ಎಂದು ಕೇಳುವವರು ಕ್ರಿ.ಶ. 945ರ ಕಂಬದ ಶಾಸನ ನೋಡಬೇಕು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಶಾಲೆ ಕಟ್ಟಿಸಿದ ಊರಿದು, ವಿದ್ಯಾರ್ಥಿಗಳಿಗೇ 27 ಮನೆಗಳಿದ್ದವು.

ಈಗ ಸಾಕ್ಷ್ಯ. ಕತೆ ಶುರುವಾಗುತ್ತಲೇ ಹೆಣ ಬೀಳುತ್ತದೆ. ಸತ್ತ ನಾರಣಪ್ಪನನ್ನು ಕಂಡರೆ ಅಗ್ರಹಾರದ ಯಾರಿಗೂ ಆಗದು, ಎಂದಮೇಲೆ ಊರಿಗೆ ಊರೇ ಶಂಕಿತರು. ಅವನ ಜೊತೆ ಬಾಳುತ್ತಿದ್ದ ಚಂದ್ರಿ ಮೈಮೇಲಿನ ಬಂಗಾರ ಬಿಚ್ಚಿಟ್ಟಳೋ ಇಲ್ಲವೋ, ಹೆಣಕ್ಕೆ ಬೆಂಕಿ ಕೊಡಲು ಒಲ್ಲೆ ಅಂದವರೆಲ್ಲ ಸಮೀಪದ ನೆಂಟರಾದರು. ತನಿಖಾಧಿಕಾರಿ, ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಸ್ಥಳ ಮಹಜರು ಬಿಟ್ಟು, ಹೆಣ ಸುಡಬೇಕಾದವರು ಯಾರೆಂದು ತಾಳೆಗರಿ ತಿರುವಿದರು. ಇಲಿಗಳು ಕಣ್ಣೆದುರೇ ಬಿದ್ದು ಸತ್ತವು, ಹದ್ದುಗಳು ಬಂದು ಸೂರಿನ ಮೇಲೆ ಕೂತವು. ಅಗ್ರಹಾರ ಶಂಖ ಊದಿ, ಜಾಗಟೆ ಬಾರಿಸಿ ಸುಳಿವನ್ನೇ ಓಡಿಸಿತು! ಪ್ಲೇಗ್ ಎಂದು ಪತ್ತೆ ಹಚ್ಚಿದವನು ಪಾರಿಜಾತಪುರದ ಮಂಜಯ್ಯ, ಅದೂ ಪೇಪರ್ ಓದಿ.

ಇನ್ನು ಚಂದ್ರಿ, ರಾತ್ರೋರಾತ್ರಿ ಮೀನು ವ್ಯಾಪಾರಿ ಅಹಮದ್ ಬ್ಯಾರಿಯನ್ನು ಕರೆತಂದು ಹೆಣ ಸುಡಿಸಿ ಊರು ಬಿಡುತ್ತಾಳೆ. ಅಲ್ಲಿಂದ ಮುಂದೆ ಶಾಸ್ತ್ರಚರ್ಚೆ ಪೂರ್ತಿ ಇಲ್ಲದ ಹೆಣದ ಮೇಲೆ. ಈ ಘಟ್ಟದಲ್ಲಿ ಕಟ್ಟೆಯ ಹಿರಿಯ ಕಾಕಾ ತಡೆಯಲಾರದೆ ಎದ್ದರು: “ಹೆಣಾನ ಇಲ್ಲಲೇ ತಮ್ಮಾ! ಯಾವದಕ್ಕ ಉಪಾಸ ಕುಂತಾರ ಇವರು?” ಈ ಕಾದಂಬರಿಯ ಬಗ್ಗೆ ಇದಕ್ಕಿಂತ ಸೂಕ್ಷ್ಮ ವಿಮರ್ಶೆ ನಾನು ಓದಿಲ್ಲ.

ಕೊಲೆಗಾರ ಸಿಗಲಿಲ್ಲವಲ್ಲ ಎಂಬುದು ಪೂರ್ವಪಕ್ಷ. ಸಿಕ್ಕಿದ್ದಾನೆ, ಕತೆಯ ಹೊರಗೆ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ರೋಗಾಣುವನ್ನು ಗುರುತಿಸಿದ. ಅದನ್ನು ಇಲಿಯ ಮೈಯಿಂದ ಮನುಷ್ಯರಿಗೆ ದಾಟಿಸುವ ಚಿಗಟವನ್ನು 1898ರಲ್ಲಿ ಕರಾಚಿಯಲ್ಲಿ ಸಿಮೊಂಡ್ ಹಿಡಿದ. ನಡುವೆ 1897ರಲ್ಲಿ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ಹೊರಡಿಸಿ, ಇಲಿಯನ್ನು ಬಿಟ್ಟು ಮನುಷ್ಯರ ಬೆನ್ನು ಹತ್ತಿತು. ಕಟ್ಟೆಯ ಮೇಲೆ ಕೂತವರನ್ನು 2020ರಲ್ಲಿ ಜೀಪು ಎಬ್ಬಿಸಿದ್ದಕ್ಕೂ ಇದ್ದ ಆಧಾರಗಳಲ್ಲಿ ಆ ಕಾಯ್ದೆಯೂ ಒಂದು.

ಉಳಿದದ್ದು ಅಂತ್ಯದ ಸಮಸ್ಯೆ. ಆಚಾರ್ಯರು ಗಾಡಿ ಹತ್ತಿ ಅಗ್ರಹಾರದತ್ತ ಹೊರಟಲ್ಲಿಗೆ ಪುಸ್ತಕ ಮುಗಿಯಿತು. ಮುಗಿಯಿತೆಂದು ಕಟ್ಟೆ ಒಪ್ಪಲಿಲ್ಲ. “ಊರಿಗಿ ಹೋಗಿ ಖರೇ ಹೇಳಿದ್ರೋ ಇಲ್ಲೋ? ಯಾವನೋ ಕಡೀ ಹಾಳಿ ಹರಕೊಂಡಾನ್ರೀ!” ಬಾಡಿಗೆ ಪತ್ತೇದಾರಿ ಪುಸ್ತಕ ಓದಿ ಬೆಳೆದವರಿಗೆ ಬೇರೆ ವಿವರಣೆ ಸಾಧ್ಯವಿರಲಿಲ್ಲ. ಹೊಲಿಗೆ ಪರೀಕ್ಷಿಸಿದರು, ಪುಟ ಎಣಿಸಿದರು, ಪುಸ್ತಕ ಯಾವ ಯಾವ ಮನೆಗೆ ಹೋಗಿತ್ತೆಂದು ಪಟ್ಟಿ ಮಾಡಿದರು. ಸದ್ಯಕ್ಕೆ ಸಂಶಯವಿರುವುದು ಭಜಿ ಅಂಗಡಿಯವನ ಮೇಲೆ. ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿತ್ತು ಎಂಬ ಅವನ ಹೇಳಿಕೆಯನ್ನು ಕಟ್ಟೆ ದಾಖಲಿಸಿಕೊಂಡಿದೆ, ನಂಬಿಲ್ಲ.