ಹಸಿರು ಚೌಕಟ್ಟಿನ ಸಾಹೇಬರಿಗೊಂದು ಬಹಿರಂಗ ಪತ್ರ

ಗೆ,
ಶ್ರೀಯುತ ಹಸಿರು ಚೌಕಟ್ಟು ಸಾಹೇಬರು,
ಎಕ್ಸೆಲ್ ಶೀಟಿನ ಖಾಯಂ ಅಧಿಕಾರಿಗಳು,
ಮೊಕ್ಕಾಂ: ಶಿವಮೊಗ್ಗ ಮತ್ತು ಭದ್ರಾವತಿಯ ಸಮಸ್ತ ಕಚೇರಿಗಳು.

ವಿಷಯ: ಸೆಲ್‌ಗಳನ್ನು ಸೆಲೆಕ್ಟ್ ಮಾಡುವಾಗ ಹೊರಗುಳಿಯುವವರ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಸದ್ಯಕ್ಕೆ ಈ ಜಿಲ್ಲೆಯಲ್ಲಿ ತಮಗಿಂತ ದೊಡ್ಡ ಅಧಿಕಾರಿ ಯಾರೂ ಇಲ್ಲ. ಜಿಲ್ಲಾಧಿಕಾರಿಗಳಿಗೆ ವರ್ಗಾವಣೆ ಇದೆ, ತಹಶೀಲ್ದಾರರಿಗೆ ನಿವೃತ್ತಿ ಇದೆ, ಚುನಾಯಿತರಿಗೆ ಐದು ವರ್ಷಕ್ಕೊಮ್ಮೆ ಮನೆಮನೆ ಮುಂದೆ ಕೈಮುಗಿದು ನಿಲ್ಲುವ ಶಿಕ್ಷೆ ಇದೆ. ತಮಗೆ ಇವು ಯಾವುವೂ ಇಲ್ಲ. 10,48,576 ಸಾಲು, 16,384 ಕಾಲಂಗಳ ಸೀಮೆಯಲ್ಲಿ ಮೌಸ್ ಎಳೆದಷ್ಟೂ ತಮ್ಮ ಸರಹದ್ದು. ಒಳಗೆ ಬಿದ್ದವರು ಲೆಕ್ಕಕ್ಕೆ ಬಂದರು, ಹೊರಗುಳಿದವರು ಲೆಕ್ಕಕ್ಕಿಲ್ಲ. ಅವರಿಗೊಂದು ನೋಟಿಸು ಕೂಡ ಹೋಗುವುದಿಲ್ಲ. ಬರುವ ಮೊತ್ತ ಮಾತ್ರ ದಶಾಂಶದ ಎರಡನೇ ಸ್ಥಾನದವರೆಗೂ ಶುದ್ಧ. ನನ್ನ ತಕರಾರು ಇರುವುದು ಇಲ್ಲೇ. ತಮ್ಮ ಆಡಳಿತದಲ್ಲಿ ಕೂಡುವ ಕೆಲಸ ತಪ್ಪುವುದಿಲ್ಲ. ತಪ್ಪುವುದು ಯಾವುದನ್ನು ಕೂಡಬೇಕೆಂಬ ಆಯ್ಕೆ. ಮೊತ್ತ ನೋಡಿ ಸಹಿ ಹಾಕುವವರು ಬಹಳ ಜನ. ಎಲ್ಲಿಂದ ಎಲ್ಲಿಯವರೆಗೆ ಸೆಲೆಕ್ಟ್ ಮಾಡಿದಿರಿ ಎಂದು ಕೇಳುವವರು ಅಪರೂಪ.

ನಮ್ಮ ಜಿಲ್ಲೆಯ ಏಳು ತಾಲ್ಲೂಕುಗಳನ್ನೇ ತೆಗೆದುಕೊಳ್ಳಿ. ಅಕಾರಾದಿಯಲ್ಲಿ ಬರೆದರೆ ತೀರ್ಥಹಳ್ಳಿ, ಭದ್ರಾವತಿ, ಶಿಕಾರಿಪುರ, ಶಿವಮೊಗ್ಗ, ಸಾಗರ, ಸೊರಬ, ಹೊಸನಗರ. ಮೇಲೊಂದು ಸಾಲು ಶೀರ್ಷಿಕೆಗೆ ಹೋದರೆ ಅಂಕಿಗಳು ಬಿ2ರಿಂದ ಬಿ8ರವರೆಗೆ ಕೂರುತ್ತವೆ. ಎಳೆಯುವ ಬೆರಳು ಒಂದು ಸಾಲು ಮೊದಲೇ ಸಡಿಲವಾಯಿತೋ, ಹೊಸನಗರ ಹೊರಗೆ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಹಳ್ಳಿಗಳೇ ಮುಳುಗಿದ್ದನ್ನು ಕಂಡ ತಾಲ್ಲೂಕು ಅದು; ಆಗ ನೀರು ಏರುವುದಾದರೂ ಕಣ್ಣಿಗೆ ಕಾಣುತ್ತಿತ್ತು. ಮೌಸ್ ಯಾಕೆ, ಕಂಟ್ರೋಲ್ ಮತ್ತು ಶಿಫ್ಟ್ ಹಿಡಿದು ಕೆಳಗಿನ ಬಾಣ ಒತ್ತಿ ಎನ್ನುವ ಜಾಣರಿದ್ದಾರೆ. ಖಾಲಿ ಸೆಲ್ ಎದುರಾದ ಕಡೆ ಆ ಬಾಣ ನಿಲ್ಲುತ್ತದೆ. ಪಂಚಾಯಿತಿವಾರು ಪಟ್ಟಿ ಚೆಂದ ಕಾಣಲೆಂದು ತಾಲ್ಲೂಕು ಮುಗಿದಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದರೆ, ತೀರ್ಥಹಳ್ಳಿಯ ಕೊನೆಯ ಪಂಚಾಯಿತಿಗೆ ಬಂದು ಬಾಣ ಕೈಕಟ್ಟಿ ನಿಂತುಬಿಡುತ್ತದೆ. ತೀರ್ಥಹಳ್ಳಿಯಿಂದಾಚೆಗೆ ಜಿಲ್ಲೆಯೇ ಇಲ್ಲ. ಸರಿ, ಇಡೀ ಕಾಲಂ ಹಿಡಿದರಾಯಿತು ಎಂದರೆ ಇನ್ನೊಂದು ಪವಾಡ: ನಡುನಡುವೆ ಇರುವ ‘ಒಟ್ಟು’ ಸಾಲುಗಳೂ ಸೇರಿಕೊಂಡು ಜಿಲ್ಲೆ ಒಂದೇ ಏಟಿಗೆ ಎರಡರಷ್ಟಾಗುತ್ತದೆ. ಅಭಿವೃದ್ಧಿ ಇಷ್ಟು ಅಗ್ಗಕ್ಕೆ ಬೇರೆಲ್ಲೂ ಸಿಗದು.

ಇದೆಲ್ಲ ಗುಮಾಸ್ತರ ಮಟ್ಟದ ಎಡವಟ್ಟು, ದೊಡ್ಡವರ ಲೆಕ್ಕದಲ್ಲಿ ಹೀಗಾಗುವುದಿಲ್ಲ ಎಂದು ಮೂಗು ಮುರಿಯುವವರು ಸ್ವಲ್ಪ ತಾಳಬೇಕು. 2010ರಲ್ಲಿ ಹೆಸರಾಂತ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಒಂದು ಪ್ರಬಂಧ ಬರೆದರು. ಸರ್ಕಾರದ ಸಾಲ ದೇಶದ ಒಟ್ಟು ಉತ್ಪನ್ನದ ಶೇ. 90 ದಾಟಿದ ಕಡೆ ಸರಾಸರಿ ಬೆಳವಣಿಗೆ ಸೊನ್ನೆಗಿಂತ ಶೇ. 0.1ರಷ್ಟು ಕೆಳಗೆ ಎಂಬುದು ಅದರ ಅಂಕಿ. ಸರ್ಕಾರಿ ಖರ್ಚಿಗೆ ಕತ್ತರಿ ಹಾಕಬೇಕೆಂಬವರು ಅದನ್ನು ಎತ್ತಿ ಹಿಡಿದರು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಮೂಲ ಶೀಟು ತರಿಸಿ ನೋಡಿದರೆ, ಎಲ್30ರಿಂದ ಎಲ್49ರವರೆಗೆ ಹೋಗಬೇಕಿದ್ದ ಸರಾಸರಿ ಎಲ್44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಹೊರಗೆ. ಹರ್ನ್‌ಡನ್ ಮತ್ತು ಅವರ ಇಬ್ಬರು ಅಧ್ಯಾಪಕರು ಎಲ್ಲ ಸರಿಪಡಿಸಿ ತೆಗೆದ ಸರಾಸರಿ ಶೇ. 2.2. ನ್ಯಾಯವಾಗಿ ಹೇಳಬೇಕೆಂದರೆ, ಈ ಅಂತರದಲ್ಲಿ ಬಿಟ್ಟುಹೋದ ಐದು ಸಾಲುಗಳ ಪಾಲು ಸಣ್ಣದು. ಕೆಲವು ದೇಶಗಳ ಕೆಲವು ವರ್ಷಗಳು ಸೇರದಿದ್ದುದು, ಯಾವ ದೇಶಕ್ಕೆ ಎಷ್ಟು ತೂಕ ಎಂದು ಹಂಚಿದ ರೀತಿ, ಇವುಗಳ ಪಾಲೇ ದೊಡ್ಡದು. ಆದರೆ ಇದರಿಂದ ನನ್ನ ವಾದಕ್ಕೆ ಬಲವೇ ಬಂತು: ಅವೂ ಯಾವುದು ಒಳಗೆ, ಯಾವುದು ಹೊರಗೆ, ಒಳಗಿದ್ದದ್ದು ಎಷ್ಟು ಎಂಬ ತೀರ್ಮಾನಗಳೇ. ಒಂದನ್ನು ಬೆರಳು ಮಾಡಿತು, ಮಿಕ್ಕವನ್ನು ತಲೆ ಮಾಡಿತು.

ತಮ್ಮ ವಕೀಲರು ಹೇಳುವುದು ನನಗೆ ಗೊತ್ತಿದೆ: ತಂತ್ರಾಂಶ ಮುನ್ನೆಚ್ಚರಿಕೆ ಕೊಡುತ್ತದಲ್ಲ? ಕೊಡುತ್ತದೆ. ಅಡಿಕೆ ವ್ಯಾಪಾರದ ಶೀಟಿನಲ್ಲಿ ಬೆಳೆಗಾರರ ಹೆಸರಿನ ಕಾಲಂ ಒಂದನ್ನೇ ಹಿಡಿದು ಸಾರ್ಟ್ ಒತ್ತಿದರೆ, ಪಕ್ಕದ ಕಾಲಂಗಳನ್ನೂ ಸೇರಿಸಲೇ ಎಂದು ಅದು ಕೇಳುತ್ತದೆ. ಬೇಡವೆಂದರೆ ಹೆಸರುಗಳು ಅಕ್ಷರಕ್ರಮಕ್ಕೆ ಬರುತ್ತವೆ, ದರಗಳು ಇದ್ದಲ್ಲೇ ಇರುತ್ತವೆ. ಅಗ್ಗದ ದರ್ಜೆಯ ಗೊರಬಲು ತಂದವನಿಗೆ ದುಬಾರಿ ದರ್ಜೆಯ ಸರಕಿನ ಧಾರಣೆ, ಸರಕು ತಂದವನಿಗೆ ಗೊರಬಲಿನದು. ಕಾಲಂ ಕೆಳಗಿನ ಮೊತ್ತ ಮಾತ್ರ ಒಂದು ರೂಪಾಯಿಯೂ ಆಚೀಚೆ ಆಗಿರುವುದಿಲ್ಲ. ಪಕ್ಕದ ಸೆಲ್ ಬಿಟ್ಟುಹೋದರೆ ಫಾರ್ಮುಲಾದ ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನವೂ ಮೂಡುತ್ತದೆ. ಆದರೆ ಪ್ರಿಂಟ್ ತೆಗೆದ ಕಾಗದದಲ್ಲಿ ತ್ರಿಕೋನ ಇರುವುದಿಲ್ಲ, ಸಹಿ ಹಾಕುವವರು ನೋಡುವುದು ಕಾಗದವನ್ನೇ. ಫಿಲ್ಟರಿನದು ಇನ್ನೊಂದು ಕತೆ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಊರಿನ ಹೆಸರು ಶಿವಮೊಗ್ಗ ಎಂದಾಯಿತು. ಹಳೆಯ ದಾಖಲೆಗಳಲ್ಲಿ ಶಿಮೊಗ ಹಾಗೇ ಉಳಿಯಿತು. ಒಂದಕ್ಕೆ ಮಾತ್ರ ಟಿಕ್ ಹಾಕಿದರೆ ಇನ್ನೊಂದು ಊರು ಮಾಯ. ಭದ್ರಾವತಿಯನ್ನಷ್ಟೇ ಫಿಲ್ಟರ್ ಮಾಡಿಟ್ಟರೂ, ಮೊದಲೇ ಹಾಕಿಟ್ಟ ‘ಸಮ್’ ಫಾರ್ಮುಲಾ ಕಾಣದ ಸಾಲುಗಳನ್ನೂ ಕೂಡಿಕೊಂಡು ಇಡೀ ಜಿಲ್ಲೆಯ ಮೊತ್ತವನ್ನೇ ತೋರಿಸುತ್ತಿರುತ್ತದೆ.

ಹಾಗಾದರೆ ಲೆಡ್ಜರಿನ ಕಾಲಕ್ಕೇ ಹಿಂತಿರುಗೋಣವೇ ಎಂದು ಕೇಳುವವರಿಗೆ: ಬೇಡ. ಆ ಕಾಲದಲ್ಲೂ ತಪ್ಪು ಇತ್ತು, ಕಳ್ಳಲೆಕ್ಕವೂ ಇತ್ತು. ಅದೂ ಅಲ್ಲದೆ, 1936ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ ನಾಡಿಗೆ ಕಾಗದ ಕೊಟ್ಟ ಎಂಪಿಎಂ ಕಾರ್ಖಾನೆ ಕೂಡ ಈಗ ಸದ್ದಿಲ್ಲದೆ ನಿಂತಿದೆ. ಆದರೆ ಲೆಡ್ಜರು ಬರೆಯುವವನು ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಕೂಡುತ್ತಿದ್ದ, ಅಡ್ಡ ಮೊತ್ತಕ್ಕೂ ಉದ್ದ ಮೊತ್ತಕ್ಕೂ ತಾಳೆ ನೋಡುತ್ತಿದ್ದ, ಹೊಡೆದುಹಾಕಿದ್ದು ಹೊಡೆದುಹಾಕಿದಂತೆಯೇ ಕಾಣುತ್ತಿತ್ತು. ತಾವು ಬೆರಳನ್ನು ಉಳಿಸಿಕೊಂಡು ತಾಳೆಯನ್ನು ಬಿಟ್ಟಿರಿ.

ಭದ್ರಾವತಿಯ ವಿಚಾರಕ್ಕೆ ಬಂದರೆ ಯಾವುದನ್ನು ಕೂಡಬೇಕೆಂಬ ಈ ಆಯ್ಕೆ ಬರೀ ಬೆರಳಿನ ಮಾತಾಗಿ ಉಳಿಯುವುದಿಲ್ಲ. 1923ರಲ್ಲಿ ಉತ್ಪಾದನೆ ಶುರುಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತು, 1998ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೈಲ್‌ನಲ್ಲಿ ವಿಲೀನವಾಯಿತು. 2023ರ ಜನವರಿಯಲ್ಲಿ, ನೂರು ತುಂಬುವ ಹೊತ್ತಿಗೆ, ಅದನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ನಷ್ಟದ ಅಂಕಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಸೆಲೆಕ್ಟ್ ಆದ ಸೆಲ್‌ಗಳಿಗೆ ಅದೇ ಸರಿಯುತ್ತರ. ಆದರೆ ಸ್ವಂತ ಅದಿರು ಗಣಿ ಇಲ್ಲದೆ ಕುಲುಮೆ ಉರಿಸಬೇಕಾದ ಕಷ್ಟ ಯಾವ ಕಾಲಂನಲ್ಲಿತ್ತು? ಆ ಸಂಬಳ ನಂಬಿದ ದಿನಸಿ ಅಂಗಡಿ, ಬಾಡಿಗೆ ಮನೆ, ಆಟೊ ಸ್ಟ್ಯಾಂಡು ಯಾವ ಸಾಲಿನಲ್ಲಿದ್ದವು? ಕಂಪನಿಯ ಲೆಕ್ಕದಲ್ಲಿ ಕಂಪನಿಯದಷ್ಟೇ ಇರಬೇಕು, ಊರನ್ನೆಲ್ಲ ಸೇರಿಸಿದರೆ ಯಾವ ಕಾರ್ಖಾನೆಯೂ ನಷ್ಟದಲ್ಲಿರುವುದಿಲ್ಲ ಎಂಬ ಆಕ್ಷೇಪಣೆ ಬರುತ್ತದೆ. ವಾರ್ಷಿಕ ಲೆಕ್ಕಪತ್ರದ ಮಟ್ಟಿಗೆ ಅದನ್ನು ಒಪ್ಪುತ್ತೇನೆ. ಆದರೆ ಮುಚ್ಚುವುದು ಲೆಕ್ಕಪತ್ರವಲ್ಲ, ತೀರ್ಮಾನ. ಪರಿಣಾಮ ಇಡೀ ಊರಿಗೆ ತಟ್ಟುವುದಾದರೆ ಊರಿನ ಸಾಲುಗಳನ್ನೂ ಸೇರಿಸಿ ಒಮ್ಮೆ ಕೂಡಬೇಕು. ಆಮೇಲೂ ಮುಚ್ಚುವುದೇ ಸರಿ ಎಂದು ಬಂದರೆ, ಆ ಮೊತ್ತವನ್ನು ಊರಿನ ಮುಂದೆ ಇಟ್ಟು ಹೇಳಲಿ.

ಆದ್ದರಿಂದ ತಮ್ಮಲ್ಲಿ ಕೋರಿಕೊಳ್ಳುವುದು ಇಷ್ಟೇ. ಇನ್ನು ಮುಂದೆ ಯಾವುದೇ ತಖ್ತೆಯಲ್ಲಿ ‘ಒಟ್ಟು’ ಎಂದು ಬರೆದ ಕಡೆ, ಯಾವ ಸೆಲ್‌ನಿಂದ ಯಾವ ಸೆಲ್‌ವರೆಗೆ, ಎಷ್ಟು ಸಾಲು ಎಂಬುದನ್ನೂ ನಮೂದಿಸತಕ್ಕದ್ದು. ಸೆಲೆಕ್ಟ್ ಮಾಡಿದ ಕೂಡಲೇ ಪರದೆಯ ಕೆಳಗಿನ ಪಟ್ಟಿಯಲ್ಲಿ ಎಣಿಕೆ ತಾನಾಗಿ ಬರುತ್ತದೆ. ನೋಡಲು ಖರ್ಚಿಲ್ಲ, ಟೆಂಡರೂ ಬೇಡ. ಬೇಕೆಂದೇ ಬಿಟ್ಟ ಸಾಲುಗಳಿದ್ದರೆ ಯಾಕೆ ಬಿಟ್ಟೆವೆಂದು ಒಂದು ಷರಾ. ಮೌಸ್ ಎಳೆದವರು ಒಬ್ಬರು, ತಾಳೆ ನೋಡುವವರು ಇನ್ನೊಬ್ಬರು. ಇದಕ್ಕೆ ಸಮಯ ಎಲ್ಲಿದೆ ಎಂದು ತಾವು ಕೇಳಿದರೆ, ಬಿಟ್ಟುಹೋದವರು ಅರ್ಜಿ ಹಿಡಿದು ಅಲೆಯುವ ಸಮಯವನ್ನೂ ಯಾರಾದರೂ ಒಂದು ಕಾಲಂನಲ್ಲಿ ಬರೆದು ಕೂಡಲಿ ಎಂಬುದು ನನ್ನ ಉತ್ತರ.



ತಮ್ಮ ವಿಶ್ವಾಸಿ,
ಸದ್ಯಕ್ಕೆ ಲೆಕ್ಕದೊಳಗಿರುವ ಒಬ್ಬ ನಾಗರಿಕ

ಪ್ರತಿ: ಫಿಲ್ಟರಿನಲ್ಲಿ ಮರೆಯಾದ ಎಲ್ಲ ಸಾಲುಗಳಿಗೆ, ಮಾಹಿತಿಗಾಗಿ.