ಮಣಿಪಾಲಕ್ಕೆ ತಗೊಂಡ್ಹೋಗಿ

ನಮ್ಮ ಸಂಸತ್ತಿಗೆ ಸಮಯದ ಬೆಲೆ ಗೊತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದುವಾಗ ‘ಗೋಲ್ಡನ್ ಅವರ್’ ಎಂದರೆ ಏನೆಂದು ಕಾಯ್ದೆಯಲ್ಲೇ ಬರೆದಿಟ್ಟರು. ಪೆಟ್ಟು ಬಿದ್ದ ನಂತರದ ಒಂದು ಗಂಟೆ. ಆಗ ಚಿಕಿತ್ಸೆ ಸಿಕ್ಕರೆ ಜೀವ ಉಳಿಯುವ ಸಾಧ್ಯತೆ ಅತಿ ಹೆಚ್ಚು. ಬಹಳ ಸಂತೋಷ. ಈ ಕಾಯ್ದೆ ಉತ್ತರ ಕನ್ನಡ ಜಿಲ್ಲೆಗೂ ಅನ್ವಯಿಸುತ್ತದೆಯೇ ಎಂದು ಯಾರಾದರೂ ದಿಲ್ಲಿಗೆ ಹೋದಾಗ ಕೇಳಿಕೊಂಡು ಬನ್ನಿ.

ದೊಡ್ಡ ಆಸ್ಪತ್ರೆ ಬೇಕೆಂದರೆ ಕುಮಟಾದಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು. ಕಾರವಾರದವರಿಗೆ ಪಕ್ಕದ ರಾಜ್ಯವೇ ಹತ್ತಿರ. ಕಾಯ್ದೆ ದಯಪಾಲಿಸಿದ ಒಂದು ಗಂಟೆ ಭಟ್ಕಳ ಬರುವುದರೊಳಗೆ ಮುಗಿದಿರುತ್ತದೆ. ಆಂಬುಲೆನ್ಸ್ ಬರಲಿ ಎಂದು ಕಾದ ಹೊತ್ತನ್ನು ಇದರಲ್ಲಿ ಸೇರಿಸಿಲ್ಲ. ಸೇರಿಸಿದರೆ ಲೆಕ್ಕ ಇನ್ನೂ ಅಸಹ್ಯವಾಗುತ್ತದೆ.

ಬೈಕಿನಿಂದ ಬಿದ್ದವನನ್ನು ರಾತ್ರಿ ತಾಲ್ಲೂಕು ಆಸ್ಪತ್ರೆಗೆ ತಂದರೆ ಏನಾಗುತ್ತದೆ ಎಂಬುದು ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಬಾಯಿಪಾಠ. ಡ್ಯೂಟಿ ಡಾಕ್ಟರು ಒಬ್ಬರೇ. ಇನ್ನೂ ಮೀಸೆ ಗಟ್ಟಿಯಾಗದ ಹುಡುಗ. ತಲೆಗೆ ಬ್ಯಾಂಡೇಜು, ಕೈಗೆ ಡ್ರಿಪ್ಪು, ತೋಳಿಗೆ ಟಿಟಿ ಇಂಜೆಕ್ಷನ್. ಪೊಲೀಸರಿಗೆಂದು ಎಂಎಲ್‌ಸಿ ಪುಸ್ತಕದಲ್ಲಿ ಒಂದು ಪುಟ. ಆಮೇಲೆ ಚೀಟಿ. ಚೀಟಿ ಹರಿಯುತ್ತ ತಲೆ ಎತ್ತದೆ ಹೇಳುವ ಮಾತು: ‘ಇಲ್ಲಿ ಆಗುದಿಲ್ಲ, ಮಣಿಪಾಲಕ್ಕೆ ತಗೊಂಡ್ಹೋಗಿ.’

ಆ ಹುಡುಗನನ್ನು ಬೈಯಬೇಡಿ. ಅವನು ನಿಜ ಹೇಳುತ್ತಿದ್ದಾನೆ. ಅರಿವಳಿಕೆ ತಜ್ಞರು ಹಗಲಿಗೆ ಮಾತ್ರ, ಅದೂ ಇದ್ದರೆ. ಸ್ಕ್ಯಾನಿಂಗ್ ಕೋಣೆಗೆ ಬೀಗ. ರಕ್ತ ಬೇಕೆಂದರೆ ಸಂಬಂಧಿಕರ ಮೊಬೈಲೇ ರಕ್ತನಿಧಿ. ಇಂಥ ಕಡೆ ಅವನು ಕೈಯಾರೆ ಕೊಡಬಹುದಾದ ಏಕೈಕ ಚಿಕಿತ್ಸೆ ಆ ಚೀಟಿ. ಕೊಡುತ್ತಾನೆ.

ಆ ಚೀಟಿ ಹಿಡಿದು ಹೊರಟವರ ಗತಿ ಏನಾಗಬಹುದು ಎಂಬುದನ್ನು 2022ರ ಜುಲೈ 20ರಂದು ಇಡೀ ರಾಜ್ಯ ಮೊಬೈಲಿನಲ್ಲಿ ನೋಡಿತು. ಹೊನ್ನಾವರದಿಂದ ರೋಗಿಯನ್ನು ಉಡುಪಿ ಕಡೆಗೆ ಒಯ್ಯುತ್ತಿದ್ದ ಆಂಬುಲೆನ್ಸ್. ಜಿಲ್ಲೆಯ ಗಡಿ ದಾಟಿದ ಕೂಡಲೇ ಶಿರೂರು ಟೋಲ್. ಮಳೆ. ಸೈರನ್ ಕೇಳಿ ಟೋಲ್ ಸಿಬ್ಬಂದಿ ಬ್ಯಾರಿಕೇಡ್ ಎತ್ತಲು ಓಡುತ್ತಾರೆ. ರಸ್ತೆಯಲ್ಲಿ ಒಂದು ದನ ಮಲಗಿದೆ. ಗಾಡಿ ಜಾರುತ್ತದೆ, ಗಿರಕಿ ಹೊಡೆಯುತ್ತದೆ, ಟೋಲ್ ಕಟ್ಟೆಗೆ ಬಡಿಯುತ್ತದೆ. ನಾಲ್ವರು ಸತ್ತರು.

ಅನಂತರ ನಾಡಿನ ಬುದ್ಧಿವಂತರೆಲ್ಲ ತನಿಖೆಗಿಳಿದರು. ದನ ಯಾರದು? ನೆಲ ಯಾಕೆ ಒದ್ದೆ? ಚಾಲಕ ಬ್ರೇಕ್ ಹಾಕಿದ್ದು ಸರಿಯೇ? ಆ ಆಂಬುಲೆನ್ಸಿಗೆ ಆ ದಿನ ಆ ಟೋಲಿನಲ್ಲಿ ಏನು ಕೆಲಸವಿತ್ತು ಎಂದು ಕೇಳಿದವರು ಜಿಲ್ಲೆಯ ಜನ ಮಾತ್ರ. ಅವರು 2019ರಲ್ಲೂ ಕೇಳಿದ್ದರು. ‘ನಮಗೊಂದು ತುರ್ತು ಆಸ್ಪತ್ರೆ ಕೊಡಿ’ ಎಂದು ಟ್ವಿಟರ್ ತುಂಬ ಕೂಗಿದ್ದರು. ಎರಡು ಸಲವೂ ಆಗಿನ ಮುಖ್ಯಮಂತ್ರಿಗಳು ಸ್ಪಂದಿಸಿದರು. ಸ್ಪಂದನೆಯ ವಿಷಯದಲ್ಲಿ ಈ ಜಿಲ್ಲೆಗೆ ಯಾವ ಸರಕಾರವೂ ಕೊರತೆ ಮಾಡಿಲ್ಲ.

ಈ ಜಿಲ್ಲೆ ಮಾತ್ರ ಕೇಳಿದ್ದನ್ನೆಲ್ಲ ಕೊಟ್ಟಿದೆ. ಕೈಗಾ ಅಣುಸ್ಥಾವರಕ್ಕೆ ಕಾಡು ಕೊಟ್ಟಿತು. ಸೀಬರ್ಡ್ ನೌಕಾನೆಲೆಗೆ ಕಡಲತೀರ ಕೊಟ್ಟಿತು. ಸೂಪಾ, ಕದ್ರಾ ಅಣೆಕಟ್ಟುಗಳಿಗೆ ಊರೂರನ್ನೇ ಕೊಟ್ಟಿತು. ಅಣುಸ್ಥಾವರ ನಡೆಸುವ ವಿಜ್ಞಾನಿಗಳು ನಡುಗಾಡಿಗೆ ಬಂದು ನೆಲೆಸಿದರು. ಒಬ್ಬ ಅರಿವಳಿಕೆ ತಜ್ಞ ಬರಬೇಕೆಂದರೆ ಮಾತ್ರ ಊರು ದೂರ, ಮಕ್ಕಳಿಗೆ ಒಳ್ಳೆಯ ಶಾಲೆ ಇಲ್ಲ!

2021ರ ಜನವರಿಯಲ್ಲಿ ಅಂಕೋಲಾ ಬಳಿ ಕೇಂದ್ರ ಆಯುಷ್ ಸಚಿವ ಶ್ರೀಪಾದ ನಾಯ್ಕರ ಕಾರು ಅಪಘಾತಕ್ಕೀಡಾಯಿತು. ಅವರ ಪತ್ನಿ ಮತ್ತು ಆಪ್ತ ಸಹಾಯಕರು ತೀರಿಕೊಂಡರು. ಸಚಿವರನ್ನು ಗೋವಾ ವೈದ್ಯಕೀಯ ಕಾಲೇಜಿಗೆ ಒಯ್ದರು. ಅವರು ಗೋವಾದವರೇ, ಹೋದದ್ದರಲ್ಲಿ ತಪ್ಪೇನಿಲ್ಲ. ಆದರೆ ಕೆಂಪು ಗೂಟದವರನ್ನೂ ರಾಜ್ಯದ ಗಡಿ ದಾಟಿಸಿಯೇ ಉಳಿಸಬೇಕಾದ ಹೆದ್ದಾರಿಯಲ್ಲಿ ಮೀನು ಮಾರುವವಳಿಗೆ ಏನು ಕಾದಿದೆ?

1976ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆ ಶಸ್ತ್ರಚಿಕಿತ್ಸಕ ಹಾರಿಸುತ್ತಿದ್ದ ಸಣ್ಣ ವಿಮಾನ ಹೊಲಕ್ಕೆ ಬಿತ್ತು. ಹೆಂಡತಿ ಸತ್ತಳು, ಮಕ್ಕಳಿಗೆ ಪೆಟ್ಟಾಯಿತು. ಹಳ್ಳಿ ಆಸ್ಪತ್ರೆಯಲ್ಲಿ ಸಿಕ್ಕ ಆರೈಕೆಗಿಂತ ಹೊಲದಲ್ಲಿ ತಾನು ಬರಿಗೈಲಿ ಮಾಡಿದ್ದೇ ಮೇಲು ಎಂದು ಅವನಿಗೆ ಅನ್ನಿಸಿತು. ಸುಮ್ಮನೆ ಕೂರಲಿಲ್ಲ. ಎರಡೇ ವರ್ಷದಲ್ಲಿ, ಗಾಯಾಳು ಬಂದಾಗ ವೈದ್ಯ ಮೊದಲು ಏನು ನೋಡಬೇಕು, ಆಮೇಲೆ ಏನು ಎಂಬ ತರಬೇತಿ ಶುರುವಾಯಿತು. ಉಸಿರಿನ ದಾರಿ, ಉಸಿರಾಟ, ರಕ್ತಸ್ರಾವ, ಈ ಕ್ರಮದಲ್ಲಿ. ಇಂದು ಜಗತ್ತಿನಾದ್ಯಂತ ವೈದ್ಯರು ಕಲಿಯುವುದು ಅದನ್ನೇ. ಅಲ್ಲಿ ಒಂದು ಅಪಘಾತದಿಂದ ಒಂದು ಪದ್ಧತಿ ಹುಟ್ಟಿತು. ಇಲ್ಲಿ ಸಂತಾಪ ಸಂದೇಶಗಳು ಹುಟ್ಟಿದವು.

ಈಗ ನಮ್ಮವರ ಕಡೆಗೂ ಒಂದು ಮಾತು. ಚಳವಳಿ ಮಾಡುವವರ ಬ್ಯಾನರಿನಲ್ಲಿ ಇರುವುದು ‘ಸೂಪರ್ ಸ್ಪೆಷಾಲಿಟಿ’. ರಾಜಕಾರಣಿಗೆ ಇದಕ್ಕಿಂತ ಅನುಕೂಲದ ಬೇಡಿಕೆ ಇನ್ನೊಂದಿಲ್ಲ. ಜಾಗ ಯಾವುದು? ಕುಮಟೆಯೋ ಕಾರವಾರವೋ ಶಿರಸಿಯೋ? ಸರಕಾರಿಯೋ ಖಾಸಗಿ ಸಹಭಾಗಿತ್ವವೋ? ಯೋಜನಾ ವರದಿ ಯಾರು ಮಾಡಬೇಕು? ಇಷ್ಟು ಕೇಳುತ್ತ ಮೂರು ಚುನಾವಣೆ ದಾಟಿಸಬಹುದು. ಆದರೆ ಅರಬೈಲು ಘಟ್ಟದಲ್ಲಿ ಬಿದ್ದವನಿಗೆ ರಾತ್ರಿ ಎರಡು ಗಂಟೆಗೆ ಬೇಕಾದದ್ದು ಹೃದಯ ಬದಲಿಸುವ ತಜ್ಞನಲ್ಲ. ಉಸಿರುನಳಿಕೆ ಹಾಕಬಲ್ಲ ಕೈ, ಎದೆಯಲ್ಲಿ ತುಂಬಿದ ರಕ್ತ ಹೊರತೆಗೆಯುವ ಒಂದು ಟ್ಯೂಬು, ಎರಡು ಬಾಟಲಿ ರಕ್ತ, ಮುರಿದ ತೊಡೆಗೆ ಒಂದು ಪಟ್ಟಿ. ಅಷ್ಟು ಮಾಡಿ ಕಳಿಸಿದರೆ ಹುಬ್ಬಳ್ಳಿ ತಲುಪುತ್ತಾನೆ. 2025ರ ಜನವರಿಯಲ್ಲಿ ಯಲ್ಲಾಪುರದ ಹತ್ತಿರ ಕುಮಟೆಯ ಸಂತೆಗೆ ಹೊರಟ ತರಕಾರಿ ಲಾರಿ ಉರುಳಿದಾಗಲೂ ಗಾಯಾಳುಗಳನ್ನು ಒಯ್ದದ್ದು ಹುಬ್ಬಳ್ಳಿಗೇ.

ಘಟ್ಟದ ಬುಡದಲ್ಲೂ ತಲೆಯಲ್ಲೂ ಇಂಥ ಕೆಲವು ಠಾಣೆ, ನಡುವೆ ತಲೆಪೆಟ್ಟಿಗೂ ಕತ್ತಿ ಹಿಡಿಯಬಲ್ಲ ಒಂದು ದೊಡ್ಡ ಆಸ್ಪತ್ರೆ, ಯಾವ ಗಾಯಾಳುವನ್ನು ಎಲ್ಲಿಗೆ ಒಯ್ಯಬೇಕೆಂದು ಫೋನಿನಲ್ಲೇ ಹೇಳುವ ಒಬ್ಬ. ಯೋಜನೆ ಎಂದರೆ ಇಷ್ಟೇ. ಇದರಲ್ಲಿ ಕಟ್ಟಡ ಕಡಿಮೆ, ಸಂಬಳ ಜಾಸ್ತಿ. ಅದಕ್ಕೇ ಯಾರಿಗೂ ರುಚಿಸುವುದಿಲ್ಲ.

ಇದು ನಾನು ಕಂಡುಹಿಡಿದದ್ದಲ್ಲ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರನೊಬ್ಬನನ್ನು ಹೊತ್ತು ಸರಕಾರಿ ಆಸ್ಪತ್ರೆಯಿಂದ ಸರಕಾರಿ ಆಸ್ಪತ್ರೆಗೆ ಅಲೆದರು. ಎಲ್ಲೂ ಹಾಸಿಗೆ ಇಲ್ಲ, ಸೌಲಭ್ಯವಿಲ್ಲ. ಕೊನೆಗೆ ಖಾಸಗಿಯವರೇ ಗತಿಯಾದರು. 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಕೆಳಗಿನ ಆಸ್ಪತ್ರೆಗಳನ್ನು ಬಲಪಡಿಸಿ, ಎಲ್ಲಿ ಹಾಸಿಗೆ ಖಾಲಿ ಇದೆ ಎಂದು ತಿಳಿಸುವ ಕೇಂದ್ರೀಕೃತ ವ್ಯವಸ್ಥೆ ಮಾಡಿ, ಆಂಬುಲೆನ್ಸ್ ಸಜ್ಜಾಗಿಡಿ, ದುಡ್ಡಿಲ್ಲ ಎಂಬ ನೆಪ ಬೇಡ. ಆ ಕೂಲಿಕಾರನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ಇಪ್ಪತ್ತು ವರ್ಷ ಕಳೆದು 2016ರಲ್ಲಿ ಕರ್ನಾಟಕ ಸರಕಾರ ‘ಸಾಂತ್ವನ ಹರೀಶ್’ ಯೋಜನೆ ತಂದಿತು. ಗಾಯಾಳುವಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆ. ಮಿತಿ? 25,000 ರೂಪಾಯಿ. ಈ ದೇಶದಲ್ಲಿ ಬೆಲೆ ಏರದ ವಸ್ತುವೊಂದಾದರೂ ಇದೆಯಲ್ಲ.

ಕೇಂದ್ರದವರು ಇನ್ನೂ ಉದಾರಿಗಳು. ಒಂದೂವರೆ ಲಕ್ಷದವರೆಗೆ, ಏಳು ದಿನ, ನಗದುರಹಿತ. 2019ರ ತಿದ್ದುಪಡಿಯಲ್ಲೇ ಹೇಳಿದ್ದನ್ನು ಮಾಡಿಸಲು ಸುಪ್ರೀಂ ಕೋರ್ಟ್ ಕಿವಿ ಹಿಂಡಬೇಕಾಯಿತು. 2025ರ ಮಾರ್ಚ್ 14 ಗಡುವು. ಯೋಜನೆ ಹೊರಟದ್ದು ಮೇ ತಿಂಗಳಲ್ಲಿ. ಒಂದು ಗಂಟೆಯ ಮಹತ್ವ ಸಾರುವ ಯೋಜನೆ ಏಳು ವಾರ ತಡ!

ದುಡ್ಡೇನೋ ಬಂತು ಅನ್ನಿ. ಖರ್ಚು ಮಾಡಲು ಹತ್ತಿರದಲ್ಲಿ ಆಸ್ಪತ್ರೆ ಬೇಕಲ್ಲ. ತಮಿಳುನಾಡು 2021ರ ಡಿಸೆಂಬರಿನಲ್ಲಿ ತನ್ನ 48 ಗಂಟೆಯ ಯೋಜನೆ ಶುರು ಮಾಡಿದಾಗ ಜನ ಹೆಚ್ಚು ಬೀಳುವ ರಸ್ತೆಗಳನ್ನು ಗುರುತಿಸಿ ಅವುಗಳ ಪಕ್ಕದ ಆಸ್ಪತ್ರೆಗಳನ್ನು ಸೇರಿಸಿಕೊಂಡಿತು. ಅದರ ರಸ್ತೆಯಲ್ಲಿ ಬಿದ್ದವನು ಕನ್ನಡಿಗನಾದರೂ ಸರಿ, ಯೋಜನೆ ಅನ್ವಯ. ಕಾವೇರಿ ಜಗಳದ ನಡುವೆ ಇದನ್ನು ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ. ಬರಲಿ.

ನಾವು ಬೇರೆಯದನ್ನೇ ಕಲಿತಿದ್ದೇವೆ. ಝೀರೋ ಟ್ರಾಫಿಕ್. ಮಂಗಳೂರಿನಿಂದ ಬೆಂಗಳೂರಿಗೆ ಆಂಬುಲೆನ್ಸ್ ನಾಲ್ಕೂ ಚಿಲ್ಲರೆ ಗಂಟೆಯಲ್ಲಿ ತಲುಪಿತೆಂದು ಟಿವಿಯಲ್ಲಿ ನೇರಪ್ರಸಾರ, ದಾರಿಯುದ್ದಕ್ಕೂ ಚಪ್ಪಾಳೆ. ಚಾಲಕನಿಗೆ ಕೈಮುಗಿಯೋಣ. ಆದರೆ ವ್ಯವಸ್ಥೆ ಸತ್ತಿದೆ ಎಂಬ ಸುದ್ದಿಗೆ ಹೂಮಳೆ ಸುರಿಸುವ ಜನ ನಾವೇ ಇರಬೇಕು. ಹಾಗೆ ಓಡುವ ಭಾಗ್ಯವೂ ಎಲ್ಲರಿಗಿಲ್ಲ. ಜೋಯಿಡಾದ ಕಾಡಿನಲ್ಲಿ 108ಕ್ಕೆ ಕರೆ ಮಾಡಲು ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕಬೇಕು. 2022ರ ಸೆಪ್ಟೆಂಬರಿನಲ್ಲಿ ಗುಡ್ಡ ಹತ್ತಿದವನಿಗೂ ಸಿಗದಂತೆ 108ರ ಸರ್ವರೇ ಮಲಗಿತ್ತು. ಕಾಡು, ನಾಡು ಒಂದೇ ದಿನ ಸಮಾನವಾದವು.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಕರ್ನಾಟಕದಲ್ಲಿ 11,702. ಸತ್ತವರ ತಲೆ ಎಣಿಸುವುದರಲ್ಲಿ ನಾವು ಗಟ್ಟಿಗರು. ಪರಿಶೀಲನಾ ಸಭೆಯಲ್ಲಿ ಆಂಬುಲೆನ್ಸ್ ಎಷ್ಟು, ಹಾಸಿಗೆ ಎಷ್ಟು, ‘ಟ್ರಾಮಾ ಸೆಂಟರ್’ ಎಂಬ ಬೋರ್ಡು ಎಷ್ಟು ಎಂದೂ ಎಣಿಸುತ್ತಾರೆ. ಬೋರ್ಡಿಗೆ ರಾತ್ರಿ ಪಾಳಿ ಇಲ್ಲ, ರಜೆ ಬೇಡ, ವರ್ಗಾವಣೆಗೆ ಶಿಫಾರಸು ಪತ್ರ ತರುವುದಿಲ್ಲ. ಎಲ್ಲ ಅಂಕಿಅಂಶಕ್ಕೂ ಒದಗುತ್ತದೆ.

ಎಣಿಸದೆ ಉಳಿದದ್ದು ನಿಮಿಷ. ಎಷ್ಟು ಗಂಟೆಗೆ ಬಿದ್ದ, ಎಷ್ಟಕ್ಕೆ ಕರೆ ಹೋಯಿತು, ಎಷ್ಟಕ್ಕೆ ಗಾಡಿ ಬಂತು, ಮೊದಲ ಆಸ್ಪತ್ರೆಯಲ್ಲಿ ಎಷ್ಟು ಹೊತ್ತು ಇಟ್ಟುಕೊಂಡರು, ಯಾಕೆ ಕಳಿಸಿದರು, ಮೇಜಿನ ಮೇಲೆ ಮಲಗಿಸಿದ್ದು ಎಷ್ಟಕ್ಕೆ, ಬದುಕಿದನೇ. ತಾಲ್ಲೂಕು ಆಸ್ಪತ್ರೆಯಿಂದ ಮಣಿಪಾಲದವರೆಗೆ ಒಬ್ಬನದೇ ಲೆಕ್ಕವನ್ನು ಒಂದೇ ಸಾಲಿನಲ್ಲಿ ಬರೆದರೆ ಯಾರನ್ನು ಉಳಿಸಬಹುದಿತ್ತು, ಎಲ್ಲಿ ಕೈಬಿಟ್ಟೆವು ಎಂದು ತಿಂಗಳಿಗೊಮ್ಮೆ ಕೂತು ನೋಡಬಹುದು. ಅದಕ್ಕೆ ಬೇಕಾದದ್ದು ಒಂದು ಲೆಡ್ಜರ್ ಮತ್ತು ದಾರದಲ್ಲಿ ಕಟ್ಟಿದ ಪೆನ್ನು. ಟೆಂಡರ್ ಕರೆಯುವಂತಿಲ್ಲ, ಅಡಿಗಲ್ಲು ಹಾಕುವಂತಿಲ್ಲ, ಮೇಲೆ ಯಾರ ಹೆಸರನ್ನೂ ಕೆತ್ತಿಸುವಂತಿಲ್ಲ. ಯಾರು ಕೊಳ್ಳುತ್ತಾರೆ?