ಫಾಂಟು ರಾಯರು

ನಮ್ಮ ಬಡಾವಣೆಯಲ್ಲಿ ನಲ್ಲಿ ಕೆಟ್ಟರೆ ಪ್ಲಂಬರ್ ಬರುತ್ತಾನೆ, ಕಂಪ್ಯೂಟರಿನಲ್ಲಿ ಕನ್ನಡ ಕೆಟ್ಟರೆ ಫಾಂಟು ರಾಯರು ಬರುತ್ತಾರೆ. ಪ್ಲಂಬರ್ ಕರೆದರೂ ಬರುವುದಿಲ್ಲ, ರಾಯರು ಕರೆಯುವ ಮೊದಲೇ ಗೇಟಿನ ಹತ್ತಿರ ಇರುತ್ತಾರೆ. ಅವರ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಇರಬಹುದು. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮೂವತ್ತು ವರ್ಷ ಮಕ್ಕಳ ಬೆರಳು ತಿದ್ದಿ, ಈಗ ಊರಿನ ಸೆಟ್ಟಿಂಗ್ಸ್ ತಿದ್ದುತ್ತಿದ್ದಾರೆ. ನಿಮ್ಮ ಬೀದಿಯಲ್ಲೂ ಇಂಥವರೊಬ್ಬರಿದ್ದಾರೆ. ಅಂಗಿಯ ಜೇಬು ನೋಡಿ, ಪೆನ್ನಿನ ಪಕ್ಕದಲ್ಲೇ ಪೆನ್‌ಡ್ರೈವ್ ಇರುತ್ತದೆ.

ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ನಾನು ಹೊಸ ಖಜಾಂಚಿ. ಹಿಂದಿನವರು ಕೊಟ್ಟ ವಂತಿಗೆಯ ಪಟ್ಟಿಯನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಒಂದು ಅಕ್ಷರವೂ ಇಲ್ಲ. ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಬ್ರಿಟನ್ನಿನ ಪೌಂಡು! ನಾಗ, ನರಸಿಂಹ, ನಂಜುಂಡ ಎಂದು ಹೆಸರಿಟ್ಟುಕೊಂಡ ಸದಸ್ಯರೆಲ್ಲ ಲಂಡನ್ನಿನಿಂದಲೇ ವಂತಿಗೆ ಕಟ್ಟಿದಂತಿತ್ತು. ಸಂಘದ ಲೆಕ್ಕದಲ್ಲಿ ಪೌಂಡು ಕಂಡರೆ ವಾರ್ಷಿಕ ಸಭೆಯಲ್ಲಿ ನನ್ನ ಗತಿ ಏನು?

ರಾಯರು ಬಂದರು. ಬಂದವರು ಕಂಪ್ಯೂಟರನ್ನು ಮುಟ್ಟಲಿಲ್ಲ. ಹಳೇ ಕಾಲದ ಪಂಡಿತರ ಹಾಗೆ ದೂರದಿಂದಲೇ ನೋಡಿ, "ಇದಕ್ಕೆ ಮೊದಲು ಯಾರು ಕೈ ಹಾಕಿದ್ದು?" ಎಂದು ಕೇಳಿದರು. ನನ್ನ ಮಗ ಒಳಕ್ಕೆ ಹೋದ.

"ಮೂರೇ ಕಾಯಿಲೆ ಸ್ವಾಮಿ," ಎಂದು ಕಾಫಿ ಲೋಟ ಹಿಡಿದು ಶುರುಮಾಡಿದರು. "ಅಕ್ಷರದ ಜಾಗದಲ್ಲಿ ಚೌಕ ಚೌಕ ಬಂದರೆ ಹೆದರಬೇಡಿ. ಅಕ್ಷರ ಒಳಗೆ ಕ್ಷೇಮವಾಗಿದೆ, ಹಾಕಿಕೊಳ್ಳಲು ಫಾಂಟೆಂಬ ಅಂಗಿ ಇಲ್ಲ, ಅಷ್ಟೆ. ನಿಮ್ಮ ಹಾಗೆ ಪೌಂಡು ಬಂದರೆ ಅದು ಹಳೇ ನುಡಿ ತಂತ್ರಾಂಶದ ಫೈಲು. ಆಗೆಲ್ಲ ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲ, ಇಂಗ್ಲಿಷಿನವರ ಮನೆಗಳಲ್ಲಿ ಬಾಡಿಗೆಗಿತ್ತು. ನಕಾರ ಇದ್ದದ್ದು ಪೌಂಡಿನ ಮನೆಯಲ್ಲಿ. ಫಾಂಟು ತೆಗೆದರೆ ಮಾಲೀಕ ಬಾಗಿಲಿಗೆ ಬರುತ್ತಾನೆ. ಯೂನಿಕೋಡಿನಲ್ಲಿ ನಮಗೇ 128 ಸೈಟು ಕೊಟ್ಟಿದ್ದಾರೆ, ಕೆಲವು ಇನ್ನೂ ಖಾಲಿ ಇವೆ." ಸೈಟಿನ ಮಾತು ಬಂದಾಗ ಬೆಂಗಳೂರಿನವರ ದನಿ ತಾನಾಗಿ ಮೆತ್ತಗಾಗುತ್ತದೆ.

"ಮೂರನೆಯದು?"

"ಪ್ರಶ್ನೆ ಚಿಹ್ನೆ." ಲೋಟ ಕೆಳಗಿಟ್ಟರು. "ಸಾಲಿಗೆ ಸಾಲೇ ಪ್ರಶ್ನೆ ಚಿಹ್ನೆ ಆಗಿದ್ದು ಹಾಗೇ ಸೇವ್ ಆಗಿದ್ದರೆ ಮುಗೀತು. ಕನ್ನಡ ಗೊತ್ತಿಲ್ಲದ ಕಡೆ ಅಕ್ಷರ ಇಟ್ಟಿದ್ದಾರೆ, ಅದು ಬಿಸಾಕಿದೆ. ಮನೆಯವರಿಗೆ ಹೇಳಿಬಿಡಬೇಕು."

ನನ್ನದು ಬದುಕುವ ಕೇಸು. ಪೆನ್‌ಡ್ರೈವಿನ ಕನ್ವರ್ಟರಿನಲ್ಲಿ ಹಾಕಿ ತೆಗೆದರು. ಪೌಂಡೆಲ್ಲ ನಕಾರವಾಗಿ ನಿಂತಿತು. ಅಲ್ಲಿಗೆ ಬಿಟ್ಟಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಒಂದು ಸ್ಕ್ರೂ ಬಿಗಿಮಾಡಲು ಕರೆದರೆ ಇಡೀ ಬಾಗಿಲನ್ನೇ ಬಿಚ್ಚುವ ಜಾತಿ ಅವರದು.

ಎಕ್ಸೆಲ್ ಪಟ್ಟಿಯ ತಾರೀಕುಗಳ ಮೇಲೆ ಕಣ್ಣು ಬಿತ್ತು. "ನೋಡಿ, ಅರ್ಧ ಬಲಕ್ಕೆ ನಿಂತಿವೆ, ಅರ್ಧ ಎಡಕ್ಕೆ. ಬಲಕ್ಕೆ ನಿಂತದ್ದು ತಾರೀಕು, ಎಡಕ್ಕೆ ನಿಂತದ್ದು ಬರೀ ಮಾತು. ನಿಮ್ಮ ಸಿಸ್ಟಮ್ ಅಮೆರಿಕದಲ್ಲಿದೆ!" ನಿಜ. ರೀಜನ್ ಅಮೆರಿಕ ಇದ್ದದ್ದರಿಂದ ಅದಕ್ಕೆ ತಿಂಗಳು ಮೊದಲು, ದಿನ ಆಮೇಲೆ. ಜುಲೈ 5ರಂದು ಕಟ್ಟಿದವರು ಮೇ 7ರಂದೇ ಕಟ್ಟಿದ ಸಜ್ಜನರಾಗಿದ್ದರು. 12ನೇ ತಾರೀಕಿನ ಮೇಲೆ ಕಟ್ಟಿದವರು, ಅಷ್ಟು ತಿಂಗಳೇ ಇಲ್ಲದ್ದರಿಂದ, ಎಡಕ್ಕೆ ಸರಿದಿದ್ದರು. ರಾಯರು ಒಂದೇ ಏಟಿಗೆ ನನ್ನನ್ನು ಭಾರತಕ್ಕೆ ಕರೆತಂದರು. 100,000 ಇದ್ದದ್ದು 1,00,000 ಆಯಿತು. ಮನಸ್ಸಿಗೆ ಹಾಯೆನಿಸಿತು. ಟೈಪು ಮಾಡಿಟ್ಟ ಹಳೇ ತಾರೀಕುಗಳು ಇದರಿಂದ ಸರಿಹೋಗುವುದಿಲ್ಲ, ಒಂದೊಂದಾಗಿ ತಿದ್ದಬೇಕು ಎಂದು ಆಮೇಲೆ ಹೇಳಿದರು. ಅದಕ್ಕೆ ನನ್ನ ಎರಡು ಭಾನುವಾರ ಹೋದವು.

ಆಮೇಲೆ ಕೀಬೋರ್ಡು. ಸಿಸ್ಟಮ್ಮಿನದೇ ಕನ್ನಡ ಕೀಬೋರ್ಡು ಸೇರಿಸಿ, "ಬರೆದು ನೋಡಿ" ಎಂದರು. ನುಡಿಯ ಅಭ್ಯಾಸದಲ್ಲಿ 'ಹ' ಎಂದು ಒತ್ತಿದರೆ 'ಪ' ಬಿತ್ತು. ಹಳಗನ್ನಡದ ಪಾಲು ಹೊಸಗನ್ನಡದಲ್ಲಿ ಹಾಲಾಯಿತೆಂದು ಕಾಲೇಜಿನಲ್ಲಿ ಓದಿದ್ದೆ. ನನ್ನ ಕಂಪ್ಯೂಟರು ಹೋದ ದಾರಿಯಲ್ಲೇ ವಾಪಸು ಹೊರಟಿತ್ತು.

"ಅದು ಇನ್‌ಸ್ಕ್ರಿಪ್ಟು. ಸ್ವರ ಎಡಗೈಗೆ, ವ್ಯಂಜನ ಬಲಗೈಗೆ. ದಿನಾ ಅರ್ಧ ಗಂಟೆ ಅಭ್ಯಾಸ ಮಾಡಿ," ಎಂದರು ಮೇಷ್ಟ್ರು. ನನಗೆ ಅರವತ್ತೊಂದು. ಕೈ ಮಣಿಕಟ್ಟು ಎತ್ತಿ ಕೂರಿ ಎಂದೂ ಗದರಿದರು.

ಕೊನೆಗೆ ಯಾವುದೋ ಮೂಲೆಯ ಪುಟ ತೆರೆದು, ಈ ಸೆಟ್ಟಿಂಗ್ಸ್ ವೆಲ್‌ಕಮ್ ಸ್ಕ್ರೀನಿಗೂ ಕಾಪಿ ಆಗಲಿ ಎಂಬುದಕ್ಕೆ ಟಿಕ್ ಹಾಕಿ, ರೀಸ್ಟಾರ್ಟ್ ಒತ್ತಿ, ಚಪ್ಪಲಿ ಮೆಟ್ಟಿದರು. ರೋಗಿ ಕಣ್ಣು ಬಿಡುವವರೆಗೆ ನಿಲ್ಲುವ ಅಭ್ಯಾಸ ಅವರಿಗಿಲ್ಲ.

ರಾತ್ರಿ ಹತ್ತೂವರೆ. ಪಾಸ್‌ವರ್ಡ್ ತಪ್ಪು. ಮತ್ತೆ ಹೊಡೆದೆ, ತಪ್ಪು. ಹೆಂಡತಿಯ ಹುಟ್ಟಿದ ದಿನವೇ ಪಾಸ್‌ವರ್ಡಿನ ಅರ್ಧಭಾಗ. "ಅದೂ ಮರೆತುಹೋಯ್ತಾ?" ಎಂಬ ಪ್ರಶ್ನೆ ಅಡುಗೆಮನೆಯಿಂದ ಬಂತು. ರಾಯರಿಗೆ ಫೋನ್ ಮಾಡಿದೆ.

"ನೀವು ಒತ್ತುತ್ತಿರೋದು ಇಂಗ್ಲಿಷು, ಅದು ಬರ್ಕೊಳ್ತಿರೋದು ಕನ್ನಡ."

"ಪರದೆ ಮೇಲೆ ಬರೀ ಚುಕ್ಕಿ ಬರ್ತಿದೆ ರಾಯರೇ!"

"ಚುಕ್ಕಿಯಲ್ಲಿ ಕನ್ನಡ ಚುಕ್ಕಿ, ಇಂಗ್ಲಿಷ್ ಚುಕ್ಕಿ ಅಂತ ಇರುತ್ತಾ ಸ್ವಾಮಿ? ವಿಂಡೋಸ್ ಕೀ ಹಿಡಿದು ಸ್ಪೇಸ್‌ಬಾರ್ ಒತ್ತಿ." ಒತ್ತಿದೆ. ಬಾಗಿಲು ತೆರೆಯಿತು. "ನೋಡಿದಿರಾ, ಎಷ್ಟು ಸುಲಭ!" ಎಂದು ಫೋನಿಟ್ಟರು.

ನಿಮಗೂ ಬೇಕಾದರೆ ಹೇಳಿ. ರಾಯರು ಬೆಳಗ್ಗೆ ಹನ್ನೊಂದರ ಮೇಲೆ ಬಿಡುವಾಗಿರುತ್ತಾರೆ, ಕಾಫಿಗೆ ಸಕ್ಕರೆ ಬೇಡ. ರೀಸ್ಟಾರ್ಟ್ ಆಗಿ ನಿಮ್ಮ ಪಾಸ್‌ವರ್ಡನ್ನು ಅದು ಒಪ್ಪುವವರೆಗೆ ಅವರ ಚಪ್ಪಲಿ ಮಾತ್ರ ನಿಮ್ಮ ಮಂಚದ ಕೆಳಗಿರಲಿ.